ಕೇಬಲ್ ಚುಚ್ಚಿದ ತಕ್ಷಣ ಇಂಟರ್ನೆಟ್ ಯಾಕೆ ಹೋಗುತ್ತದೆ? ಒಂದೇ ಕಂಪ್ಯೂಟರ್‌ಗೆ ಎರಡು ನೆಟ್‌ವರ್ಕ್ ಹಾಕುವ ಬಗೆ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ ಕಡೆಯ ಸಣ್ಣ ವರ್ಕ್‌ಶಾಪ್‌ಗಳಲ್ಲೂ ಈಗ ಸಿಎನ್‌ಸಿ ಮಷೀನ್, ಅಂದರೆ ಪ್ರೋಗ್ರಾಂ ಹೇಳಿದಂತೆ ತಾನೇ ಲೋಹ ಕತ್ತರಿಸುವ ಯಂತ್ರ, ಇರುವುದು ಅಪರೂಪವೇನಲ್ಲ. ಹಿಂದೆ ಮಷೀನಿಗೆ ಪ್ರೋಗ್ರಾಂ ಹಾಕಬೇಕು ಅಂದರೆ ಪೆನ್‌ಡ್ರೈವ್ ಹಿಡಿದುಕೊಂಡು ಆಫೀಸಿನಿಂದ ಶೆಡ್ಡಿಗೆ ಓಡಾಡಬೇಕಿತ್ತು. ಈಗಿನ ಮಷೀನ್‌ಗಳಲ್ಲಿ ಲ್ಯಾನ್ ಪೋರ್ಟ್ ಇರುತ್ತದೆ. ಒಂದು ಕೇಬಲ್ ಎಳೆದರೆ ಸಾಕು, ಕೂತಲ್ಲಿಂದಲೇ ಪ್ರೋಗ್ರಾಂ ಕಳಿಸಬಹುದು. ಆದರೆ ಅದೇ ಕಂಪ್ಯೂಟರ್‌ನಲ್ಲಿ ಜಿಎಸ್‌ಟಿ ಬಿಲ್ಲು, ಇ-ವೇ ಬಿಲ್ಲು, ಮೇಲ್, ವಾಟ್ಸಾಪ್ ವೆಬ್ ಎಲ್ಲವೂ ನಡೆಯಬೇಕು, ಅದೆಲ್ಲ ವೈಫೈ ಮೇಲೆ. ತೊಂದರೆ ಶುರುವಾಗುವುದು ಇಲ್ಲೇ. ಮಷೀನಿನ ಕೇಬಲ್ ಚುಚ್ಚಿದ ತಕ್ಷಣ ಇಂಟರ್ನೆಟ್ ನಿಂತುಹೋಗುತ್ತದೆ. ಕೇಬಲ್ ಕಿತ್ತರೆ ಮತ್ತೆ ಬರುತ್ತದೆ.

ವರ್ಕ್‌ಶಾಪ್ ಇಲ್ಲದವರಿಗೂ ಈ ಕಾಟ ತಪ್ಪಿದ್ದಲ್ಲ. ಅಂಗಡಿಯ ಸಿಸಿಟಿವಿ ಪೆಟ್ಟಿಗೆ ಒಂದು ನೆಟ್‌ವರ್ಕ್‌ನಲ್ಲಿ, ಬಿಲ್ಲಿಂಗ್ ಕಂಪ್ಯೂಟರ್ ಇನ್ನೊಂದರಲ್ಲಿ. ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಅನಲೈಸರ್ ಮಷೀನ್ ಕೇಬಲ್ ಮೇಲೆ, ರಿಪೋರ್ಟ್ ಕಳಿಸುವುದು ವೈಫೈ ಮೇಲೆ. ಮನೆಯಿಂದ ಕೆಲಸ ಮಾಡುವವರಿಗೆ ಕಂಪನಿಯ ವಿಪಿಎನ್, ಅಂದರೆ ಇಂಟರ್ನೆಟ್ ಮೂಲಕವೇ ಕಂಪನಿಯ ಒಳಗಿನ ನೆಟ್‌ವರ್ಕ್‌ಗೆ ಸೇರಿಸುವ ವ್ಯವಸ್ಥೆ. ಇನ್ನು ಕೆಲವರು ಫೈಬರ್ ಕೈಕೊಟ್ಟರೆ ಇರಲಿ ಅಂತ ಎರಡೆರಡು ಇಂಟರ್ನೆಟ್ ಇಟ್ಟುಕೊಂಡಿದ್ದಾರೆ.

ಇಂಥ ಹೊತ್ತಲ್ಲಿ ಜನ ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಫಾರ್ಮ್ಯಾಟ್ ಮಾಡಿಸುತ್ತಾರೆ, ಹೊಸ ರೌಟರ್ ತರುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಕಂಪ್ಯೂಟರ್ ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡುತ್ತಿರುತ್ತದೆ. ನಾವು ಹೇಳಿದ್ದರಲ್ಲೇ ಗೊಂದಲ ಇರುತ್ತದೆ, ಅಷ್ಟೆ.

ಮೊದಲು ಐಪಿ ವಿಳಾಸ ಯಾರದ್ದು ಅಂತ ನೋಡೋಣ

ಕಂಪ್ಯೂಟರ್‌ಗೆ ಒಂದು ಐಪಿ ವಿಳಾಸ ಇರುತ್ತದೆ ಅಂತ ಮಾತಿಗೆ ಹೇಳುತ್ತೇವೆ. ನಿಜವಾಗಿ ವಿಳಾಸ ಇರುವುದು ಅದರೊಳಗಿನ ನೆಟ್‌ವರ್ಕ್ ಕಾರ್ಡ್‌ಗೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಒಂದು ಕಾರ್ಡ್, ವೈಫೈ ಇನ್ನೊಂದು ಕಾರ್ಡ್. ಎರಡಕ್ಕೂ ಬೇರೆ ಬೇರೆ ವಿಳಾಸ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಅದೂ ಒಂದು ಕಾರ್ಡ್ ಆಗಿ ಕಾಣಿಸುತ್ತದೆ. ವಿಪಿಎನ್ ಹಾಕಿದರೆ ಕಣ್ಣಿಗೆ ಕಾಣದ ಇನ್ನೊಂದು ಕಾರ್ಡ್ ಹುಟ್ಟಿಕೊಳ್ಳುತ್ತದೆ. ಹಾಗಾಗಿ ಒಂದು ಕಂಪ್ಯೂಟರ್ ಎರಡು, ಮೂರು ನೆಟ್‌ವರ್ಕ್‌ಗಳಲ್ಲಿ ಒಟ್ಟಿಗೆ ಇರುವುದು ವಿಚಿತ್ರವೇನಲ್ಲ, ಅದಕ್ಕೆ ಅಂತಲೇ ಈ ಏರ್ಪಾಡು ಇದೆ.

ಈ ವಿಳಾಸ ನಾಲ್ಕು ಅಂಕಿಗಳದ್ದು, ಪ್ರತಿಯೊಂದೂ 0ಯಿಂದ 255ರ ಒಳಗೆ. ಉದಾಹರಣೆಗೆ 192.168.1.10. ಇದರ ಪಕ್ಕದಲ್ಲೇ ಸಬ್‌ನೆಟ್ ಮಾಸ್ಕ್ ಅಂತ ಇನ್ನೊಂದು ಸಾಲು ಇರುತ್ತದೆ, ಸಾಮಾನ್ಯವಾಗಿ 255.255.255.0. ಇದನ್ನು ನೋಡಿ ಹೆದರಬೇಡಿ. ವಿಳಾಸದ ಎಷ್ಟು ಭಾಗ ನೆಟ್‌ವರ್ಕ್‌ನ ಗುರುತು, ಎಷ್ಟು ಭಾಗ ಆ ಯಂತ್ರದ ಗುರುತು ಅಂತ ಮಾಸ್ಕ್ ಹೇಳುತ್ತದೆ. 255 ಇರುವ ಕಡೆಯೆಲ್ಲ ನೆಟ್‌ವರ್ಕ್, 0 ಇರುವ ಕಡೆ ಯಂತ್ರ. ಅಂದರೆ 192.168.1 ಅಂತ ಶುರುವಾಗುವವರೆಲ್ಲ ಒಂದೇ ನೆಟ್‌ವರ್ಕ್‌ನವರು, ಕೊನೆಯ ಅಂಕಿ ಮಾತ್ರ ಬೇರೆ ಬೇರೆ. ಅವರು ನೇರವಾಗಿ ಮಾತಾಡಿಕೊಳ್ಳಬಹುದು, ಮಧ್ಯೆ ಯಾರೂ ಬೇಡ.

ಇಲ್ಲಿ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮನೆ, ಆಫೀಸಿನ ಒಳಗೆ ಬಳಸಲು ಅಂತ ಮೂರು ಗುಂಪು ವಿಳಾಸಗಳನ್ನು 1996ರಲ್ಲೇ ಮೀಸಲಿಟ್ಟಿದ್ದಾರೆ. 10ರಿಂದ ಶುರುವಾಗುವುವು, 172.16ರಿಂದ 172.31ರವರೆಗಿನವು, ಮತ್ತೆ 192.168ರಿಂದ ಶುರುವಾಗುವುವು. ಇವನ್ನು ಯಾರು ಬೇಕಾದರೂ, ಯಾರನ್ನೂ ಕೇಳದೆ ಬಳಸಬಹುದು. ಹಾಗಾಗಿ ಶೆಟ್ಟಿಹಳ್ಳಿಯ ಒಂದು ಮನೆಯಲ್ಲೂ 192.168.1.10 ಇರುತ್ತದೆ, ಬಟವಾಡಿಯ ಅಂಗಡಿಯಲ್ಲೂ ಅದೇ ಇರುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲವಾದ್ದರಿಂದ ಜಗಳ ಇಲ್ಲ.

ಗೇಟ್‌ವೇ ಅಂದರೆ ನಮ್ಮ ಮೆಜೆಸ್ಟಿಕ್

ತುಮಕೂರು ಬಸ್ ಸ್ಟ್ಯಾಂಡ್ ನೆನೆಸಿಕೊಳ್ಳಿ. ಗುಬ್ಬಿಗೆ ಹೋಗುವವರು ಗುಬ್ಬಿ ಬಸ್ ಹತ್ತುತ್ತಾರೆ, ಕೊರಟಗೆರೆಗೆ ಹೋಗುವವರು ಕೊರಟಗೆರೆ ಬಸ್. ಬೋರ್ಡ್ ಇದೆ, ನೇರ ಬಸ್ ಇದೆ, ಕೇಳುವುದೇ ಬೇಡ. ಯಾರೋ ಒಬ್ಬರು ಬಂದು ನೀವು ಹೆಸರೇ ಕೇಳಿರದ ಊರಿಗೆ ದಾರಿ ಕೇಳಿದರೆ ಏನು ಹೇಳುತ್ತೀರಿ? 'ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿ ವಿಚಾರಿಸಿ.' ಆ ಊರು ಎಲ್ಲಿದೆ ಅಂತ ನಿಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮುಂದಿನ ದಾರಿ ಮೆಜೆಸ್ಟಿಕ್‌ನವರು ನೋಡಿಕೊಳ್ಳುತ್ತಾರೆ.

ಕಂಪ್ಯೂಟರ್‌ಗೆ ಡೀಫಾಲ್ಟ್ ಗೇಟ್‌ವೇ ಅನ್ನುವುದು ಹೀಗೇ. ತನ್ನ ನೆಟ್‌ವರ್ಕ್‌ನೊಳಗಿನ ವಿಳಾಸ ಆದರೆ ನೇರವಾಗಿ ಕಳಿಸುತ್ತದೆ. ಗೊತ್ತಿಲ್ಲದ ಯಾವ ವಿಳಾಸವಾದರೂ ಗೇಟ್‌ವೇಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಮನೆಯಲ್ಲಿ ಆ ಗೇಟ್‌ವೇ ನಿಮ್ಮ ವೈಫೈ ರೌಟರ್. ಜಿಯೋ ಫೈಬರ್ ಇದ್ದರೆ ಸಾಮಾನ್ಯವಾಗಿ 192.168.29.1, ಬೇರೆ ಅನೇಕ ರೌಟರ್‌ಗಳಲ್ಲಿ 192.168.1.1 ಅಥವಾ 192.168.0.1. ಐಫೋನ್ ಹಾಟ್‌ಸ್ಪಾಟ್ ಆದರೆ 172.20.10.1.

ಈಗ ಅಸಲು ವಿಷಯ. ನೆಟ್‌ವರ್ಕ್ ಎಷ್ಟು ಬೇಕಾದರೂ ಇರಲಿ, 'ಗೊತ್ತಿಲ್ಲದ್ದೆಲ್ಲ ಇಲ್ಲಿಗೆ ಕಳಿಸು' ಅನ್ನುವ ಜಾಗ ಒಂದೇ ಇರಬೇಕು. ಇಬ್ಬರು ಎರಡು ದಿಕ್ಕಿಗೆ ಕೈ ತೋರಿಸಿ 'ಅದೇ ಮೆಜೆಸ್ಟಿಕ್' ಅಂದರೆ, ಕಂಪ್ಯೂಟರ್ ಒಂದನ್ನು ನಂಬಬೇಕಾಗುತ್ತದೆ. ಅದು ನಂಬಿದ ದಾರಿ ಶೆಡ್ಡಿನ ಗೋಡೆಗೆ ಹೋಗಿ ಮುಗಿಯುವಂಥದ್ದಾದರೆ, ಇಂಟರ್ನೆಟ್ ಇಲ್ಲ.

ಕಂಪ್ಯೂಟರ್‌ನ ಹೊಟ್ಟೆಯೊಳಗಿನ ಬೋರ್ಡ್

ಸುಮ್ನೆ ನಂಬಬೇಕಾಗಿಲ್ಲ, ಕಣ್ಣಾರೆ ನೋಡಬಹುದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು 'ರೂಟ್ ಪ್ರಿಂಟ್' (route print) ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಉದ್ದದ ಒಂದು ಪಟ್ಟಿ ಬರುತ್ತದೆ. ಇದೇ ರೂಟಿಂಗ್ ಟೇಬಲ್. ಕಂಪ್ಯೂಟರ್‌ನಿಂದ ಹೊರಡುವ ಪ್ರತಿ ಪ್ಯಾಕೆಟ್, ಅಂದರೆ ಡೇಟಾದ ಪ್ರತಿ ತುಣುಕು, ಇದನ್ನು ನೋಡಿಕೊಂಡೇ ಹೊರಡುತ್ತದೆ.

ನಮ್ಮ ವರ್ಕ್‌ಶಾಪ್ ಲ್ಯಾಪ್‌ಟಾಪ್‌ನದ್ದೇ ಉದಾಹರಣೆ ಇಟ್ಟುಕೊಳ್ಳೋಣ. ವೈಫೈ ಕಾರ್ಡ್‌ಗೆ 192.168.29.57 ಸಿಕ್ಕಿದೆ. ಲ್ಯಾನ್ ಕಾರ್ಡ್‌ನ ಕೇಬಲ್ ಶೆಡ್ಡಿನಲ್ಲಿರುವ ಒಂದು ಹಳೇ ವೈಫೈ ರೌಟರ್‌ಗೆ ಹೋಗುತ್ತದೆ. ಅದಕ್ಕೆ ಇಂಟರ್ನೆಟ್ ಇಲ್ಲ, ಮಷೀನ್‌ಗಳನ್ನು ಜೋಡಿಸಲು ಸ್ವಿಚ್, ಅಂದರೆ ಹಲವು ಕೇಬಲ್ ಸೇರಿಸುವ ಪೆಟ್ಟಿಗೆ, ಥರ ಬಳಸುತ್ತಿದ್ದಾರೆ. ಆದರೂ ಅದು ಕೇಬಲ್ ಚುಚ್ಚಿದವರಿಗೆ ವಿಳಾಸ ಹಂಚುತ್ತದೆ, ಜೊತೆಗೆ 'ನಾನೇ ಗೇಟ್‌ವೇ' ಅಂತಲೂ ಹೇಳುತ್ತದೆ. ಇದು ತುಂಬ ಕಡೆ ಇರುವ ಏರ್ಪಾಡು, ಮನೆಯಲ್ಲಿ ಮೂಲೆಗೆ ಬಿದ್ದಿದ್ದ ರೌಟರ್ ಶೆಡ್ಡಿಗೆ ಬಂದಿರುತ್ತದೆ.

ಟೇಬಲ್‌ನ ಮೊದಲ ಸಾಲುಗಳಲ್ಲಿ 0.0.0.0 ಅಂತ ಕಾಣುತ್ತದೆ. ಅದರ ಅರ್ಥ 'ಎಲ್ಲಿಗಾದರೂ'. ಅಂದರೆ ಮೆಜೆಸ್ಟಿಕ್ ಸಾಲು. ಅಂಥ ಸಾಲು ಎರಡು ಇವೆ ಅನ್ನಿ. ಒಂದು 192.168.29.1 ಕಡೆಗೆ, ಕೊನೆಯಲ್ಲಿ 40 ಅಂತ ಇದೆ. ಇನ್ನೊಂದು 192.168.1.1 ಕಡೆಗೆ, ಕೊನೆಯಲ್ಲಿ 25. ಈ ಕೊನೆಯ ಅಂಕಿಯೇ ಮೆಟ್ರಿಕ್. ಕಡಿಮೆ ಇದ್ದವರಿಗೆ ಗೆಲುವು. ಮೆಟ್ರಿಕ್ ಅನ್ನು ನಾವು ಹೇಳದಿದ್ದರೆ ವಿಂಡೋಸ್ ತಾನೇ ಲೆಕ್ಕ ಹಾಕುತ್ತದೆ, ಅದು ನೋಡುವುದು ಲಿಂಕ್‌ನ ವೇಗವನ್ನು. ಗಿಗಾಬಿಟ್ ಕೇಬಲ್‌ಗೆ 25, ವೈಫೈಗೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಕೇಬಲ್‌ನ ಆ ತುದಿಯಲ್ಲಿ ಇಂಟರ್ನೆಟ್ ಇದೆಯೋ ಇಲ್ಲವೋ ಅನ್ನುವುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕೇಬಲ್ ವೇಗವಾಗಿದೆ, ಸರಿ, ಎಲ್ಲವೂ ಆ ಕಡೆ. ಹಳೇ ರೌಟರ್ ಕೈಗೆ ನಿಮ್ಮ ಜಿಎಸ್‌ಟಿ ಪೋರ್ಟಲ್‌ನ ಪ್ಯಾಕೆಟ್ ಸಿಕ್ಕರೆ ಅದು ಏನು ಮಾಡೀತು?

ಟೇಬಲ್‌ನಲ್ಲಿ ಇನ್ನೂ ಸಾಲುಗಳಿವೆ. 192.168.1.0, ಮಾಸ್ಕ್ 255.255.255.0, ಗೇಟ್‌ವೇ ಜಾಗದಲ್ಲಿ 'ಆನ್-ಲಿಂಕ್', ಮೆಟ್ರಿಕ್ 281. ಇದು ನೇರ ಬಸ್. ಈ ನೆಟ್‌ವರ್ಕ್‌ನವರು ಕೇಬಲ್‌ನ ಆ ತುದಿಯಲ್ಲೇ ಇದ್ದಾರೆ, ಯಾರನ್ನೂ ಕೇಳಬೇಡ ಅಂತ. ಇಲ್ಲಿ ಮೆಟ್ರಿಕ್ 281 ಇದ್ದರೂ, 25 ಇರುವ ಮೆಜೆಸ್ಟಿಕ್ ಸಾಲನ್ನು ಬಿಟ್ಟು ಇದನ್ನೇ ಆರಿಸಿಕೊಳ್ಳುತ್ತದೆ. ಕಾರಣ, ಕಂಪ್ಯೂಟರ್ ಮೊದಲು ನೋಡುವುದು ಯಾವ ಸಾಲು ಆ ವಿಳಾಸಕ್ಕೆ ಹೆಚ್ಚು ಹತ್ತಿರ ಹೊಂದುತ್ತದೆ ಅಂತ. ಗುಬ್ಬಿ ಅಂತಲೇ ಬೋರ್ಡ್ ಇರುವಾಗ ಮೆಜೆಸ್ಟಿಕ್‌ಗೆ ಯಾಕೆ ಹೋಗಬೇಕು, ಅಲ್ವಾ? ಒಂದೇ ಬಗೆಯ ಎರಡು ಸಾಲು ಇದ್ದಾಗ ಮಾತ್ರ ಮೆಟ್ರಿಕ್ ನೋಡುತ್ತದೆ. ಅದಕ್ಕೇ ಇಂಟರ್ನೆಟ್ ಸತ್ತರೂ ಮಷೀನ್ ಮಾತ್ರ ಚೆನ್ನಾಗಿ ಸಿಗುತ್ತಿರುತ್ತದೆ.

ಲಿನಕ್ಸ್‌ನಲ್ಲೂ ಇದೇ ಕತೆ, ಅಂಕಿ ಬೇರೆ. ಉಬುಂಟು ಡೆಸ್ಕ್‌ಟಾಪ್‌ನಂಥವುಗಳಲ್ಲಿ ನೆಟ್‌ವರ್ಕ್ ಮ್ಯಾನೇಜರ್ ಕೇಬಲ್‌ಗೆ 100, ವೈಫೈಗೆ 600 ಅಂತ ಕೊಡುತ್ತದೆ. ಮ್ಯಾಕ್‌ನಲ್ಲಿ 'ಸರ್ವಿಸ್ ಆರ್ಡರ್' ಅಂತ ಒಂದು ಪಟ್ಟಿ ಇದೆ, ಮೇಲಿರುವವರಿಗೆ ಮೊದಲ ಮಣೆ.

ಸರಿಮಾಡುವುದು: ಒಂದು ಖಾನೆ ಖಾಲಿ ಬಿಡಿ

ಕಂಟ್ರೋಲ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ಆ್ಯಂಡ್ ಶೇರಿಂಗ್ ಸೆಂಟರ್, ಅಲ್ಲಿಂದ ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್. ಈಥರ್‌ನೆಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಲ್ಲಿ ಇಂಟರ್ನೆಟ್ ಪ್ರೊಟೊಕಾಲ್ ವರ್ಷನ್ 4. ಇಲ್ಲಿ ವಿಳಾಸವನ್ನು ಕೈಯಾರೆ ಬರೆಯುವ ಆಯ್ಕೆ ಇದೆ. ಮಷೀನ್‌ನ ವಿಳಾಸ 192.168.1.50 ಆಗಿದ್ದರೆ ನೀವು 192.168.1.10 ಅಂತ ಕೊಡಿ, ಅಂದರೆ ಮೊದಲ ಮೂರು ಅಂಕಿ ಅದೇ ಇರಲಿ, ಕೊನೆಯದು ಆ ನೆಟ್‌ವರ್ಕ್‌ನಲ್ಲಿ ಬೇರೆ ಯಾರಿಗೂ ಇಲ್ಲದ್ದಾಗಲಿ. ಮಾಸ್ಕ್ 255.255.255.0. ಡೀಫಾಲ್ಟ್ ಗೇಟ್‌ವೇ ಖಾನೆ ಖಾಲಿ. ಕೆಳಗಿನ ಡಿಎನ್‌ಎಸ್ ಖಾನೆಗಳೂ ಖಾಲಿ (ಡಿಎನ್‌ಎಸ್ ಏನು ಅಂತ ಮುಂದೆ ನೋಡೋಣ). ಓಕೆ.

ಅಷ್ಟೇ ಕೆಲಸ. ಈಗ 'ಎಲ್ಲಿಗಾದರೂ' ಅನ್ನುವ ಸಾಲು ವೈಫೈನದ್ದು ಒಂದೇ ಉಳಿಯಿತು. ಮಷೀನ್ ಕೇಬಲ್‌ನಲ್ಲಿ, ಉಳಿದದ್ದೆಲ್ಲ ವೈಫೈನಲ್ಲಿ.

ಖಾಲಿ ಬಿಡಲು ಜನ ಹಿಂದೆಮುಂದೆ ನೋಡುತ್ತಾರೆ. ಫಾರ್ಮ್ ಅಂದಮೇಲೆ ಎಲ್ಲ ಖಾನೆ ತುಂಬಬೇಕು ಅನ್ನುವ ಅಭ್ಯಾಸ ನಮ್ಮದು. ಇಲ್ಲಿ ಅದು ತಪ್ಪು. ಎರಡು ಕಾರ್ಡ್‌ಗೂ ಕೈಯಾರೆ ಗೇಟ್‌ವೇ ಬರೆದರೆ ವಿಂಡೋಸ್ ತಾನೇ ಒಂದು ಎಚ್ಚರಿಕೆ ತೋರಿಸುತ್ತದೆ, ಒಂದಕ್ಕಿಂತ ಹೆಚ್ಚು ಗೇಟ್‌ವೇ ಇಡುವುದು ಒಂದೇ ನೆಟ್‌ವರ್ಕ್‌ಗೆ ಬದಲಿ ದಾರಿ ಬೇಕಾದಾಗ, ಎರಡು ಬೇರೆ ನೆಟ್‌ವರ್ಕ್‌ಗಳಿದ್ದರೆ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ. ನಾವು ಅದನ್ನು ಓದದೆ ಎಸ್ ಒತ್ತಿ ಮುಂದೆ ಹೋಗುತ್ತೇವೆ.

ಖಾಲಿ ಬಿಟ್ಟಮೇಲೆ ಆ ಕೇಬಲ್ ಸಂಪರ್ಕಕ್ಕೆ 'ಅನ್‌ಐಡೆಂಟಿಫೈಡ್ ನೆಟ್‌ವರ್ಕ್', 'ನೋ ಇಂಟರ್ನೆಟ್' ಅಂತ ತೋರಿಸುತ್ತದೆ. ಗಾಬರಿ ಬೇಡ, ನಿಜವಾಗಿಯೂ ಅಲ್ಲಿ ಇಂಟರ್ನೆಟ್ ಇಲ್ಲ, ಅದು ಸರಿಯಾಗಿಯೇ ಹೇಳುತ್ತಿದೆ. ಒಂದೇ ಎಚ್ಚರ, ಗುರುತಿಲ್ಲದ ನೆಟ್‌ವರ್ಕ್ ಅನ್ನು ವಿಂಡೋಸ್ ಪಬ್ಲಿಕ್ ಅಂತ ಪರಿಗಣಿಸಿ ಫೈರ್‌ವಾಲ್, ಅಂದರೆ ಹೊರಗಿನಿಂದ ಬರುವುದನ್ನು ತಡೆಯುವ ಕಾವಲು, ಬಿಗಿ ಮಾಡುತ್ತದೆ. ನೀವು ಮಷೀನಿಗೆ ಕಳಿಸುವುದು ನಡೆಯುತ್ತದೆ, ಆದರೆ ಮಷೀನ್ ತಾನಾಗಿ ನಿಮ್ಮ ಕಂಪ್ಯೂಟರ್‌ನ ಫೋಲ್ಡರ್ ತೆರೆಯಲು ಬಂದರೆ ಬಾಗಿಲು ಹಾಕಿರುತ್ತದೆ. ಆಗ ಇಡೀ ಫೈರ್‌ವಾಲ್ ಆಫ್ ಮಾಡುವವರಿದ್ದಾರೆ. ಬೇಡ. ಆ ಒಂದು ಮಷೀನ್‌ನ ವಿಳಾಸಕ್ಕೆ ಮಾತ್ರ ಒಂದು ರೂಲ್ ಹಾಕಿದರೆ ಸಾಕು.

ಇದೆಲ್ಲ ಮಾಡಿದರೂ ಕೇಬಲ್ ಚುಚ್ಚಿದಾಗ ವೈಫೈ ಪೂರ್ತಿ ಆಫ್ ಆಗುತ್ತಿದ್ದರೆ ಕಾರಣ ಬೇರೆ. ಎಚ್‌ಪಿ, ಡೆಲ್‌ನಂಥ ಕಂಪನಿಗಳ ಕೆಲವು ಆಫೀಸ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಬರುವ ಸೆಟ್ಟಿಂಗ್‌ನಲ್ಲಿ, ಕೇಬಲ್ ಬಂದರೆ ವೈಫೈ ನಿಲ್ಲಿಸು ಅನ್ನುವ ಆಯ್ಕೆ ಇರುತ್ತದೆ. ಕಂಪನಿಯ ಪಾಲಿಸಿಯಿಂದಲೂ ಹಾಗೆ ಮಾಡಿಸಬಹುದು.

ಡೆಸ್ಕ್‌ಟಾಪ್‌ನಲ್ಲಿ ಒಂದೇ ಲ್ಯಾನ್ ಪೋರ್ಟ್ ಇದ್ದು ವೈಫೈ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಿಗುತ್ತದೆ. ಮಷೀನ್‌ಗೆ ಅದನ್ನು ಹಾಕಿ, ಇಂಟರ್ನೆಟ್‌ಗೆ ಒಳಗಿನ ಪೋರ್ಟ್ ಇರಲಿ. ಪ್ರೋಗ್ರಾಂ ಫೈಲ್‌ಗಳು ಚಿಕ್ಕವು, ಅಡಾಪ್ಟರ್ ನಿಧಾನವಾದರೂ ನಡೆಯುತ್ತದೆ.

ಎರಡೂ ಕಡೆ ಒಂದೇ ನಂಬರ್ ಇದ್ದರೆ

ಇದು ನಿಜಕ್ಕೂ ತಲೆ ತಿನ್ನುವ ಕೇಸ್. ಮನೆಯ ವೈಫೈ ಕೂಡ 192.168.1 ಅಂತಲೇ ಶುರುವಾಗುತ್ತದೆ, ಶೆಡ್ಡಿನ ಮಷೀನ್ ಕೂಡ 192.168.1. ಹಿಕ್‌ವಿಷನ್ ಕ್ಯಾಮೆರಾಗಳ ಹುಟ್ಟು ವಿಳಾಸ 192.168.1.64, ದಹುವಾದ್ದು 192.168.1.108. ಅಂದರೆ ಕ್ಯಾಮೆರಾ ಡಬ್ಬದಿಂದ ತೆಗೆದು ಚುಚ್ಚಿದಾಗಲೇ ಈ ತೊಂದರೆ ಬರಬಹುದು.

ಗೇಟ್‌ವೇ ಖಾಲಿ ಬಿಟ್ಟರೂ ಇಲ್ಲಿ ಪ್ರಯೋಜನ ಇಲ್ಲ. ಟೇಬಲ್‌ನಲ್ಲಿ 192.168.1.0ಗೆ ಎರಡು ನೇರ ಸಾಲು ಬಂದಿರುತ್ತವೆ, ಒಂದು ಕೇಬಲ್‌ಗೆ, ಒಂದು ವೈಫೈಗೆ. ಮೆಟ್ರಿಕ್ ಕಡಿಮೆ ಇರುವ ಕಡೆಗೆ ಎಲ್ಲ ಹೋಗುತ್ತದೆ. ನಿಮ್ಮ ವೈಫೈ ರೌಟರ್ 192.168.1.1 ಕೂಡ ಅದೇ ಸಾಲಿನೊಳಗೆ ಬರುವುದರಿಂದ ಕಂಪ್ಯೂಟರ್ ಅದನ್ನೂ ಶೆಡ್ಡಿನಲ್ಲಿ ಹುಡುಕಲು ಹೋಗಬಹುದು. ಒಮ್ಮೆ ನಡೆಯುತ್ತದೆ, ಒಮ್ಮೆ ಇಲ್ಲ.

ಇದಕ್ಕೆ ಅಡ್ಡದಾರಿ ಹುಡುಕಬೇಡಿ. ಒಂದು ಕಡೆಯ ನಂಬರ್ ಬದಲಿಸಿ. ಮಷೀನ್ ಅಥವಾ ಕ್ಯಾಮೆರಾ ಕಡೆ ಬದಲಿಸುವುದು ಕಷ್ಟ ಅನ್ನಿಸಿದರೆ ವೈಫೈ ರೌಟರ್‌ನ ಲ್ಯಾನ್ ಸೆಟ್ಟಿಂಗ್‌ಗೆ ಹೋಗಿ 192.168.1.1 ಇದ್ದದ್ದನ್ನು 192.168.50.1 ಮಾಡಿ. ಫೋನ್, ಟಿವಿ ಎಲ್ಲವೂ ತಾವಾಗಿ ಹೊಸ ವಿಳಾಸ ತೆಗೆದುಕೊಳ್ಳುತ್ತವೆ. ಪ್ರಿಂಟರ್‌ಗೆ ಕೈಯಾರೆ ವಿಳಾಸ ಕೊಟ್ಟಿದ್ದರೆ ಮಾತ್ರ ಅದನ್ನು ಮತ್ತೆ ಬರೆಯಬೇಕು.

ಆ ಕಡೆ ಇರುವುದು ದೊಡ್ಡ ನೆಟ್‌ವರ್ಕ್ ಆದರೆ

ಶೆಡ್ಡಿನಲ್ಲಿ ನಾಲ್ಕು ಮಷೀನ್ ಇದ್ದರೆ ಮೇಲೆ ಹೇಳಿದ್ದು ಸಾಕು. ದೊಡ್ಡ ಫ್ಯಾಕ್ಟರಿ, ಕಾಲೇಜು, ಬ್ಯಾಂಕ್‌ನಂಥ ಕಡೆ ಒಳಗಿನ ನೆಟ್‌ವರ್ಕ್‌ಗೇ ಹಲವು ಭಾಗ ಇರುತ್ತದೆ. ನಿಮ್ಮ ಕಾರ್ಡ್ 10.20.5ರಲ್ಲಿ ಇದ್ದು, ಸರ್ವರ್ 10.20.8ರಲ್ಲಿ ಇದ್ದರೆ, ಅದು ನೇರ ಸಾಲಿಗೆ ಬರುವುದಿಲ್ಲ. ಗೇಟ್‌ವೇ ಖಾಲಿ ಬಿಟ್ಟ ಕಾರಣ ಆ ಪ್ಯಾಕೆಟ್ ವೈಫೈ ಕಡೆ ಹೋಗಿ ಕಳೆದುಹೋಗುತ್ತದೆ. ಆಗ ಟೇಬಲ್‌ಗೆ ನಾವೇ ಒಂದು ಸಾಲು ಬರೆಯಬೇಕು: 10.20ರಿಂದ ಶುರುವಾಗುವುದೆಲ್ಲ 10.20.5.1 ಅನ್ನುವ ಒಳಗಿನ ರೌಟರ್‌ಗೆ ಕೊಡು ಅಂತ. ಇದಕ್ಕೆ ಸ್ಟ್ಯಾಟಿಕ್ ರೂಟ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ 'ರೂಟ್ ಆ್ಯಡ್' (route add) ಆದೇಶ ಕೊಡಬೇಕು. ಅದರ ಜೊತೆ ಹೈಫನ್ ಹಾಕಿ ಪಿ ಅಕ್ಷರ ಸೇರಿಸಲು ಮರೆಯಬೇಡಿ. ಸೇರಿಸದಿದ್ದರೆ ಕರೆಂಟ್ ಹೋಗಿ ಕಂಪ್ಯೂಟರ್ ರೀಸ್ಟಾರ್ಟ್ ಆದಾಗ ಆ ಸಾಲು ಮಾಯ.

ಹೆಸರು ಹುಡುಕುವವನ ಸಮಸ್ಯೆ

ದಾರಿ ಎಲ್ಲ ಸರಿ ಇದ್ದರೂ ವೆಬ್‌ಸೈಟ್ ತೆರೆಯದೇ ಇರಬಹುದು. ನಾವು ಟೈಪ್ ಮಾಡುವುದು ಹೆಸರು, ಕಂಪ್ಯೂಟರ್‌ಗೆ ಬೇಕಾದದ್ದು ಅಂಕಿ. ಹೆಸರಿಗೆ ಅಂಕಿ ಹುಡುಕಿಕೊಡುವುದು ಡಿಎನ್‌ಎಸ್ ಸರ್ವರ್. ಎರಡು ನೆಟ್‌ವರ್ಕ್ ಇದ್ದಾಗ ಎರಡು ಡಿಎನ್‌ಎಸ್ ಇರಬಹುದು. ಕಂಪನಿಯ ಒಳಗಿನ ಸರ್ವರ್ ಹೆಸರು ಕಂಪನಿಯ ಡಿಎನ್‌ಎಸ್‌ಗೆ ಮಾತ್ರ ಗೊತ್ತು. ಹೊರಗಿನ ಡಿಎನ್‌ಎಸ್ ಅನ್ನು ಕೇಳಿದರೆ 'ಅಂಥವರು ಯಾರೂ ಇಲ್ಲ' ಅನ್ನುತ್ತದೆ. ಇತ್ತೀಚಿನ ವಿಂಡೋಸ್ ಎಲ್ಲ ಕಾರ್ಡ್‌ಗಳ ಡಿಎನ್‌ಎಸ್‌ಗೂ ಪ್ರಶ್ನೆ ಕಳಿಸಬಲ್ಲದು, ಇದರಿಂದ ಕೆಲವೊಮ್ಮೆ ಅನುಕೂಲ, ಕೆಲವೊಮ್ಮೆ ಒಳಗಿನ ಹೆಸರು ಹೊರಗಿನವರಿಗೂ ತಿಳಿಯುತ್ತದೆ.

ಪರೀಕ್ಷೆ ಸುಲಭ. ಕಮಾಂಡ್ ಪ್ರಾಂಪ್ಟ್‌ನಲ್ಲಿ 8.8.8.8 ಅನ್ನುವ ಗೂಗಲ್‌ನ ಸರ್ವರ್‌ಗೆ ಪಿಂಗ್ (ping) ಮಾಡಿ, ಅಂದರೆ 'ಇದ್ದೀಯಾ' ಅಂತ ಕೇಳಿ ನೋಡಿ. ಉತ್ತರ ಬಂದು, ವೆಬ್‌ಸೈಟ್ ಹೆಸರಿಗೆ ಪಿಂಗ್ ಮಾಡಿದಾಗ ಆ ಹೆಸರೇ ಸಿಗಲಿಲ್ಲ ಅಂದರೆ ಡಿಎನ್‌ಎಸ್ ತೊಂದರೆ. 8.8.8.8 ಕೂಡ ಬರಲಿಲ್ಲ ಅಂದರೆ ದಾರಿಯ ತೊಂದರೆ. ಆಗ ಪ್ಯಾಕೆಟ್ ಹೋಗುವ ದಾರಿ ತೋರಿಸುವ 'ಟ್ರೇಸರ್ಟ್' (tracert) ಆದೇಶವನ್ನು ಅದೇ 8.8.8.8ಗೆ ಕೊಟ್ಟು ಮೊದಲ ಸಾಲು ಮಾತ್ರ ನೋಡಿ. ಅಲ್ಲಿ ವೈಫೈ ರೌಟರ್‌ನ ವಿಳಾಸ ಇರಬೇಕಿತ್ತು, ಶೆಡ್ಡಿನ ರೌಟರ್‌ನದ್ದು ಬಂದಿದ್ದರೆ ಕಳ್ಳ ಸಿಕ್ಕ. ಇನ್ನೊಂದು ಸುಳಿವು, ಕಾರ್ಡ್‌ಗಳ ವಿಳಾಸ ತೋರಿಸುವ 'ಐಪಿಕಾನ್ಫಿಗ್' (ipconfig) ಕೊಟ್ಟಾಗ 169.254ರಿಂದ ಶುರುವಾಗುವ ವಿಳಾಸ ಕಂಡರೆ, ಆ ಕಾರ್ಡ್‌ಗೆ ಯಾರೂ ವಿಳಾಸ ಕೊಡಲಿಲ್ಲ, ಕಾದು ಕಾದು ತಾನೇ ಒಂದು ಇಟ್ಟುಕೊಂಡಿದೆ ಅಂತ ಅರ್ಥ.

ವಿಪಿಎನ್: ತಂತಿ ಇಲ್ಲದ ಎರಡನೇ ನೆಟ್‌ವರ್ಕ್

ವಾರದಲ್ಲಿ ಕೆಲವು ದಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಮಿಕ್ಕ ದಿನ ತುಮಕೂರಿನ ಮನೆಯಿಂದಲೇ ಕೆಲಸ ಮಾಡುವವರು ತುಂಬ ಜನ ಇದ್ದಾರೆ. ಅವರ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಆನ್ ಆದ ಕೂಡಲೇ ಮನೆಯ ಪ್ರಿಂಟರ್ ಮಾಯವಾಗುವುದು, ಯೂಟ್ಯೂಬ್ ನಿಧಾನವಾಗುವುದು ಇದೇ ರೂಟಿಂಗ್ ಟೇಬಲ್‌ನ ಆಟ.

ವಿಪಿಎನ್ ಎರಡು ಥರ ಇರಬಹುದು. ಕಂಪನಿಯ ವಿಳಾಸಗಳಿಗೆ ಮಾತ್ರ ಸಾಲು ಬರೆದುಕೊಂಡು ಉಳಿದದ್ದನ್ನು ನಿಮ್ಮ ಮನೆಯ ಇಂಟರ್ನೆಟ್‌ಗೇ ಬಿಡುವುದು ಒಂದು, ಇದಕ್ಕೆ ಸ್ಪ್ಲಿಟ್ ಟನಲ್ ಅನ್ನುತ್ತಾರೆ. ಎಲ್ಲವನ್ನೂ ಕಂಪನಿಯ ಮೂಲಕವೇ ಕಳಿಸುವುದು ಇನ್ನೊಂದು, ಫುಲ್ ಟನಲ್. ಓಪನ್‌ವಿಪಿಎನ್ ಇದನ್ನು ಮಾಡುವ ಬಗೆ ಮಜವಾಗಿದೆ. ಇರುವ 'ಎಲ್ಲಿಗಾದರೂ' ಸಾಲನ್ನು ಅದು ಮುಟ್ಟುವುದಿಲ್ಲ. ಇಡೀ ಜಗತ್ತಿನ ವಿಳಾಸಗಳನ್ನು ಎರಡು ಭಾಗ ಮಾಡಿ, 0ಯಿಂದ 127ರವರೆಗೆ ಒಂದು ಸಾಲು, 128ರಿಂದ 255ರವರೆಗೆ ಒಂದು ಸಾಲು ಬರೆದುಬಿಡುತ್ತದೆ. ಅರ್ಧ ಜಗತ್ತು ಅನ್ನುವುದು ಇಡೀ ಜಗತ್ತಿಗಿಂತ ಹೆಚ್ಚು ನಿಖರ, ಹಾಗಾಗಿ ಹೊಸ ಸಾಲುಗಳೇ ಗೆಲ್ಲುತ್ತವೆ. ವಿಪಿಎನ್ ಆಫ್ ಮಾಡಿದರೆ ಆ ಎರಡು ಸಾಲು ಹೋಗುತ್ತವೆ, ಹಳೆಯದು ಇದ್ದ ಹಾಗೇ ಇರುತ್ತದೆ.

ಮನೆಯ ಪ್ರಿಂಟರ್‌ಗೆ ನೇರ ಸಾಲು ಇರುವುದರಿಂದ ಅದು ಸಿಗಬೇಕು, ಆದರೂ ಸಿಗುತ್ತಿಲ್ಲ ಅಂದರೆ ಸಾಮಾನ್ಯವಾಗಿ ಕಂಪನಿಯವರು ಬೇಕೆಂದೇ ಮನೆಯ ನೆಟ್‌ವರ್ಕ್ ಅನ್ನು ತಡೆದಿರುತ್ತಾರೆ. ಅದನ್ನು ನೀವು ಸರಿಮಾಡಲು ಆಗುವುದಿಲ್ಲ.

ಎರಡು ಇಂಟರ್ನೆಟ್ ಹಾಕಿದರೆ ಡಬಲ್ ಸ್ಪೀಡ್ ಬರುತ್ತದಾ?

ಎಲ್ಲರೂ ಕೇಳುವ ಪ್ರಶ್ನೆ. 100 ಎಂಬಿಪಿಎಸ್ ಫೈಬರ್ ಕೇಬಲ್‌ನಲ್ಲಿ, 100 ಎಂಬಿಪಿಎಸ್ 5ಜಿ ಹಾಟ್‌ಸ್ಪಾಟ್ ವೈಫೈನಲ್ಲಿ, ಎರಡೂ ಆನ್. 200 ಬರುತ್ತದಾ? ಇಲ್ಲ. ಮೆಟ್ರಿಕ್ ಕಡಿಮೆ ಇರುವುದು ಎಲ್ಲ ಕೆಲಸ ಮಾಡುತ್ತದೆ, ಇನ್ನೊಂದು ಸುಮ್ಮನೆ ಕೂತಿರುತ್ತದೆ.

ಒಂದು ಡೌನ್‌ಲೋಡನ್ನು ಎರಡಕ್ಕೂ ಹಂಚಲು ಯಾಕಾಗುವುದಿಲ್ಲ? ಆ ಕಡೆಯ ಸರ್ವರ್ ನಿಮ್ಮನ್ನು ಗುರುತಿಸುವುದು ಹೊರಗೆ ಕಾಣುವ ಐಪಿ ವಿಳಾಸದಿಂದ. ಫೈಬರ್‌ನದ್ದು ಒಂದು ವಿಳಾಸ, 5ಜಿಯದ್ದು ಇನ್ನೊಂದು. ಅರ್ಧ ಪ್ಯಾಕೆಟ್ ಅಲ್ಲಿಂದ, ಅರ್ಧ ಇಲ್ಲಿಂದ ಬಂದರೆ ಸರ್ವರ್‌ಗೆ ಇಬ್ಬರು ಬೇರೆ ಬೇರೆ ಜನ ಮಾತಾಡಿದ ಹಾಗೆ ಕಾಣುತ್ತದೆ. ಬ್ಯಾಂಕ್ ಸೈಟ್ ಆದರೆ ಅನುಮಾನ ಬಂದು ಲಾಗೌಟ್ ಮಾಡಿಬಿಡಬಹುದು. ಒಂದೇ ಸಂಪರ್ಕವನ್ನು ಹಲವು ದಾರಿಯಲ್ಲಿ ಹಂಚುವ ಮಲ್ಟಿಪಾತ್ ಟಿಸಿಪಿ ಅನ್ನುವ ತಂತ್ರ 2013ರಿಂದ ಇದೆ, ಆಪಲ್ ಅದೇ ವರ್ಷ ಐಒಎಸ್ 7ರಲ್ಲಿ ಸಿರಿಗೆ ಬಳಸಿತು. ಆದರೆ ಅದಕ್ಕೆ ಆ ಕಡೆಯ ಸರ್ವರ್ ಕೂಡ ಒಪ್ಪಿರಬೇಕು. ಎರಡು ಇಂಟರ್ನೆಟ್ ಜೋಡಿಸಬಹುದಾದ ಡ್ಯುಯಲ್ ವ್ಯಾನ್ ರೌಟರ್ ಅಂತ ಸಿಗುತ್ತದೆ, ಅದು ಒಂದು ಡೌನ್‌ಲೋಡನ್ನು ಫೈಬರ್‌ಗೆ, ಇನ್ನೊಂದು ವಿಡಿಯೋವನ್ನು 5ಜಿಗೆ ಅಂತ ಕೆಲಸಗಳನ್ನು ಹಂಚುತ್ತದೆ. ಹತ್ತು ಜನ ಇರುವ ಆಫೀಸಿಗೆ ಇದು ಲಾಭ. ಒಬ್ಬರೇ ಒಂದೇ ಫೈಲ್ ಇಳಿಸುತ್ತಿದ್ದರೆ ವ್ಯತ್ಯಾಸ ಕಾಣುವುದಿಲ್ಲ.

ಒಂದು ಹೋದರೆ ಇನ್ನೊಂದು ಇರಲಿ ಅನ್ನುವವರಿಗೂ ಒಂದು ತೊಡಕಿದೆ. ರಸ್ತೆ ಅಗೆಯುವವರು ಫೈಬರ್ ಕತ್ತರಿಸಿದರು ಅನ್ನಿ. ಮನೆಯ ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಅಂತ ಕೆಂಪು ದೀಪ ಮಿನುಗುತ್ತಿರುತ್ತದೆ. ಆದರೆ ಕಂಪ್ಯೂಟರ್‌ನಿಂದ ರೌಟರ್‌ವರೆಗಿನ ಕೇಬಲ್ ಚೆನ್ನಾಗಿಯೇ ಇದೆ! ಕಂಪ್ಯೂಟರ್‌ನ ಲೆಕ್ಕದಲ್ಲಿ ಆ ದಾರಿ ಬದುಕಿದೆ, ಮೆಟ್ರಿಕ್ ಅದೇ 25. ಹಾಗಾಗಿ ಪಕ್ಕದಲ್ಲೇ ಹಾಟ್‌ಸ್ಪಾಟ್ ಇದ್ದರೂ ಪ್ಯಾಕೆಟ್‌ಗಳನ್ನು ಸತ್ತ ಫೈಬರ್ ಕಡೆಗೇ ಕಳಿಸುತ್ತಿರುತ್ತದೆ. ಕೈಯಾರೆ ಕೇಬಲ್ ಕೀಳಬೇಕು. ಆಂಡ್ರಾಯ್ಡ್ ಫೋನ್ ಈ ವಿಷಯದಲ್ಲಿ ಜಾಣ, ವೈಫೈ ಸಿಕ್ಕಿದ ಮೇಲೂ ಅದರಲ್ಲಿ ಇಂಟರ್ನೆಟ್ ಬರುತ್ತಿದೆಯಾ ಅಂತ ಪರೀಕ್ಷಿಸಿ, ಇಲ್ಲದಿದ್ದರೆ ಮೊಬೈಲ್ ಡೇಟಾ ಬಳಸುತ್ತದೆ. ಡ್ಯುಯಲ್ ವ್ಯಾನ್ ರೌಟರ್‌ಗಳಲ್ಲೂ ಹೊರಗಿನ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಮಾಡಿ ನೋಡುವ ಸೌಲಭ್ಯ ಇರುತ್ತದೆ. ಕೊಳ್ಳುವಾಗ ಅದು ಇದೆಯಾ ಅಂತ ಕೇಳಿ.

ಎರಡು ಕಡೆ ಕಾಲಿಟ್ಟ ಕಂಪ್ಯೂಟರ್‌ನ ಅಪಾಯ

ಒಂದು ಸಮಾಧಾನದ ವಿಷಯ ಮೊದಲು. ಎರಡು ನೆಟ್‌ವರ್ಕ್‌ಗೆ ಜೋಡಿಸಿದ ಮಾತ್ರಕ್ಕೆ ವೈಫೈನಲ್ಲಿರುವ ಯಾರೋ ನಿಮ್ಮ ಕಂಪ್ಯೂಟರ್ ದಾಟಿ ಮಷೀನ್ ಮುಟ್ಟಲು ಆಗುವುದಿಲ್ಲ. ಒಂದು ಕಾರ್ಡ್‌ನಿಂದ ಬಂದದ್ದನ್ನು ಇನ್ನೊಂದಕ್ಕೆ ದಾಟಿಸುವುದು ವಿಂಡೋಸ್‌ನಲ್ಲಿ ಮೊದಲಿಂದ ಆಫ್ ಇರುತ್ತದೆ. ಆದರೆ ಅದೇ ಅಡಾಪ್ಟರ್ ಕಿಟಕಿಯಲ್ಲಿ ಎರಡೂ ಕಾರ್ಡ್ ಆಯ್ಕೆ ಮಾಡಿ ರೈಟ್ ಕ್ಲಿಕ್ ಮಾಡಿದರೆ 'ಬ್ರಿಡ್ಜ್ ಕನೆಕ್ಷನ್ಸ್' ಅಂತ ಬರುತ್ತದೆ. ಎರಡು ನೆಟ್‌ವರ್ಕ್ ಜೋಡಿಸಬೇಕಲ್ವಾ, ಇದೇ ಇರಬೇಕು ಅಂತ ಒತ್ತಲು ಕೈ ಹೋಗುತ್ತದೆ. ಒತ್ತಬೇಡಿ. ಎರಡು ನೆಟ್‌ವರ್ಕ್ ಬೆರೆತು ಒಂದೇ ಆಗುತ್ತದೆ, ಶೆಡ್ಡಿನ ಹಳೇ ರೌಟರ್ ಮನೆಯ ಫೋನ್‌ಗಳಿಗೂ ವಿಳಾಸ ಹಂಚಲು ಶುರುಮಾಡಬಹುದು, ಆಗ ಎಲ್ಲರ ಇಂಟರ್ನೆಟ್ ಹೋಗುತ್ತದೆ.

ಇನ್ನು ವೈರಸ್. ಅದು ಕಂಪ್ಯೂಟರ್ ದಾಟಿ ಹೋಗಬೇಕಾಗಿಲ್ಲ, ಕಂಪ್ಯೂಟರ್‌ನೊಳಗೇ ಕೂತರೆ ಎರಡೂ ಕಡೆಗೆ ಅದಕ್ಕೆ ದಾರಿ ಇದೆ. ಮಷೀನ್‌ಗಳ ಒಳಗೆ ಎಷ್ಟೋ ಸಲ ಹಳೇ ವಿಂಡೋಸ್ ಇರುತ್ತದೆ, ಅಪ್‌ಡೇಟ್ ಕಂಡಿರುವುದಿಲ್ಲ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ, ವಿಂಡೋಸ್‌ನ ಫೈಲ್ ಶೇರಿಂಗ್‌ನಲ್ಲಿದ್ದ ದೋಷವನ್ನು ಹಿಡಿದು ಒಂದರಿಂದ ಒಂದಕ್ಕೆ ಹಬ್ಬಿತ್ತು. ಮರುವರ್ಷ ಆಗಸ್ಟ್‌ನಲ್ಲಿ ಅದರದ್ದೇ ಒಂದು ರೂಪ ತೈವಾನ್‌ನ ಚಿಪ್ ಕಂಪನಿ ಟಿಎಸ್‌ಎಂಸಿಯ ಫ್ಯಾಕ್ಟರಿಗಳಿಗೆ ಹೊಕ್ಕಿತು. ಹೊಸ ಯಂತ್ರವೊಂದಕ್ಕೆ ಸಾಫ್ಟ್‌ವೇರ್ ಹಾಕುವಾಗ ಬಂದ ವೈರಸ್, ಆ ಯಂತ್ರವನ್ನು ಒಳಗಿನ ನೆಟ್‌ವರ್ಕ್‌ಗೆ ಜೋಡಿಸಿದಾಗ ಉಳಿದವಕ್ಕೆ ಹರಡಿತ್ತು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗೆ.

ಇದೇ ಕಾರಣಕ್ಕೆ ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ಒಳಗಿನ ನೆಟ್‌ವರ್ಕ್‌ನ ಕಂಪ್ಯೂಟರ್‌ಗೆ ಫೋನ್ ಹಾಟ್‌ಸ್ಪಾಟ್ ಹಾಕಲು ಬಿಡುವುದಿಲ್ಲ. ಸ್ವಂತ ವರ್ಕ್‌ಶಾಪ್‌ನಲ್ಲಿ ನಿರ್ಧಾರ ನಿಮ್ಮದೇ. ಎರಡೂ ಬೇಕೇ ಬೇಕು ಅಂದರೆ ಈಥರ್‌ನೆಟ್ ಪ್ರಾಪರ್ಟೀಸ್‌ನಲ್ಲಿ 'ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್' ಮುಂದಿನ ಟಿಕ್ ತೆಗೆಯಿರಿ, ಮಷೀನ್ ಆ ಶೇರಿಂಗ್ ಮೂಲಕವೇ ಫೈಲ್ ಓದುವುದಾದರೆ ಮಾತ್ರ ಇರಲಿ. ಅದರ ಪಕ್ಕದ 'ಕ್ಲೈಂಟ್ ಫಾರ್ ಮೈಕ್ರೋಸಾಫ್ಟ್ ನೆಟ್‌ವರ್ಕ್ಸ್' ಕೂಡ, ಮಷೀನಿಗೆ ಎಫ್‌ಟಿಪಿ ಅನ್ನುವ ಫೈಲ್ ಕಳಿಸುವ ವಿಧಾನದಲ್ಲಿ ಕಳಿಸುವವರಿಗೆ ಬೇಕಾಗುವುದಿಲ್ಲ. ಪ್ರೋಗ್ರಾಂ ಕಳಿಸುವುದು ದಿನಕ್ಕೆ ಒಂದೆರಡು ಸಲ ಮಾತ್ರ ಆಗಿದ್ದರೆ, ಆ ಕಾರ್ಡ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿಟ್ಟು, ಬೇಕಾದಾಗ ಮಾತ್ರ ಎನೇಬಲ್ ಮಾಡಬಹುದು. ಕೇಬಲ್ ಕಿತ್ತು ಚುಚ್ಚಿ ಮಾಡುವುದಕ್ಕಿಂತ ಇದು ಒಳ್ಳೆಯದು. ಲ್ಯಾನ್ ಕೇಬಲ್‌ನ ತುದಿಯ ಪ್ಲಾಸ್ಟಿಕ್ ಕ್ಲಿಪ್ ಬೇಗ ಮುರಿಯುತ್ತದೆ, ಮುರಿದ ಮೇಲೆ ಮಷೀನ್ ಅದುರುವುದಕ್ಕೆ ಕೇಬಲ್ ತಾನಾಗಿ ಸಡಿಲವಾಗಿ, ಪ್ರೋಗ್ರಾಂ ಅರ್ಧಕ್ಕೆ ನಿಲ್ಲುವ ಹೊಸ ತಲೆನೋವು ಶುರುವಾಗುತ್ತದೆ.